ವಿಮಾನವಾಹಕ ಹಡಗನ್ನು ಕಂಡುಹಿಡಿದವರು ಯಾರು?

ವಿಜಯಪುರಕ್ಕೆ ಬಂದವರು ಪಡುವಣ ಕೋಟೆಯ ಬುರುಜನ್ನೇರಿ ಮಲಿಕ್-ಎ-ಮೈದಾನ್ ತೋಪನ್ನು ನೋಡದೆ ಹಿಂದಿರುಗುವುದಿಲ್ಲ. ತೂಕ ಸುಮಾರು ೫೫ ಟನ್ನು, ಉದ್ದ ೧೪ ಅಡಿಗೂ ಮಿಗಿಲು. ಆನೆಯನ್ನು ಕಚ್ಚಿಹಿಡಿದ ಸಿಂಹದ ಬಾಯಿಯಂತೆ ಅದರ ಮೂತಿಯನ್ನು ಎರಕ ಹೊಯ್ದಿದ್ದಾರೆ. ಮಕ್ಕಳು ಆ ಬಾಯಿಯೊಳಗೆ ಇಣಿಕಿ ಕೂಗುತ್ತಾರೆ. ದೊಡ್ಡವರು ಅದರ ಮೈ ತಟ್ಟಿ ನೋಡುತ್ತಾರೆ. ಆದರೆ ಮೈಮೇಲಿನ ಬರಹಗಳ ಕಡೆಗೆ ಗಮನ ಕೊಡುವವರು ವಿರಳ. ಅವುಗಳಲ್ಲಿ ಮೂವರ ಹೆಸರುಗಳಿವೆ. ೧೫೪೯ರಲ್ಲಿ ತೋಪನ್ನು ಹೊಯ್ಯಿಸಿದ ಅಹಮದನಗರದ ನಿಜಾಮಶಾಹ ಒಬ್ಬ. ಎರಕ ಹೊಯ್ದ ಮುಹಮ್ಮದ್ ಬಿನ್ ಹಸನ್ ರೂಮಿ ಇನ್ನೊಬ್ಬ. ವಿಜಯಪುರವನ್ನು ೧೬೮೬ರಲ್ಲಿ ಗೆದ್ದು, ತೋಪನ್ನೂ ತಾನೇ ಗೆದ್ದೆನೆಂದು ಬರೆಯಿಸಿದ ಔರಂಗಜೇಬ ಮೂರನೆಯವನು. ತೋಪು ಒಂದೇ. ಅದು ಯಾರದೆಂದು ಕೇಳಿದರೆ ಮೂವರೂ ಎದ್ದುನಿಲ್ಲುತ್ತಾರೆ. ಮೂವರ ಮಾತಿನಲ್ಲೂ ಸತ್ಯವಿದೆ.

ನಾನಿರುವ ತೊರವಿ ಈ ಬುರುಜಿನಿಂದ ಪಶ್ಚಿಮಕ್ಕೆ ಕೆಲವೇ ಮೈಲು. ಇಲ್ಲಿನ ನರಸಿಂಹನ ಸನ್ನಿಧಿಯಲ್ಲಿ ರಾಮಾಯಣ ಬರೆದ ಕವಿ ತನ್ನನ್ನು ಕುಮಾರ ವಾಲ್ಮೀಕಿ ಎಂದು ಕರೆದುಕೊಂಡ. ಕನ್ನಡಿಗರು ಅವನ ಕಾವ್ಯವನ್ನು ಊರಿನ ಹೆಸರಿನಿಂದ ‘ತೊರವೆ ರಾಮಾಯಣ’ ಎಂದು ಕರೆದರು. ಕವಿ ದುಡಿದ, ಕೀರ್ತಿ ಊರಿಗೆ ಬಂತು. ಇದೇ ತೊರವಿಯಿಂದ ಆದಿಲಶಾಹಿಗಳ ಕಾಲದಲ್ಲಿ ನೆಲದೊಳಗೆ ಸುರಂಗ ತೋಡಿ ರಾಜಧಾನಿಗೆ ನೀರು ಒಯ್ದರು. ಸುಲ್ತಾನರ ಹೆಸರು ಇತಿಹಾಸದಲ್ಲಿ ಉಳಿಯಿತು. ಗುದ್ದಲಿ ಹಿಡಿದು ಕತ್ತಲೆಯಲ್ಲಿ ಇಳಿದವರ ಹೆಸರು ಉಳಿಯಲಿಲ್ಲ. ಇಂಥ ನೆಲದಲ್ಲಿ ಬದುಕುವವನಿಗೆ, ಒಂದು ಕೆಲಸದ ಶ್ರೇಯಸ್ಸು ಯಾರಿಗೆ ಸಲ್ಲಬೇಕೆಂಬ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ.

ಕಳೆದ ವರ್ಷ ಸ್ಪರ್ಧಾ ಪರೀಕ್ಷೆಗೆ ಕುಳಿತಿದ್ದ ವಿದ್ಯಾರ್ಥಿಯೊಬ್ಬ ಒಂದು ಪ್ರಶ್ನೋತ್ತರ ಪುಸ್ತಕ ತಂದು ತೋರಿಸಿದ. ಅದರಲ್ಲಿ ‘ವಿಮಾನವಾಹಕ ಹಡಗನ್ನು ಕಂಡುಹಿಡಿದವರು ಯಾರು?’ ಎಂಬ ಪ್ರಶ್ನೆಗೆ ಒಂದೇ ಹೆಸರಿನ ಉತ್ತರವಿತ್ತು. ಅವನದೇ ಕೊಠಡಿಯ ಗೆಳೆಯನ ಪುಸ್ತಕದಲ್ಲಿ ಬೇರೊಂದು ಹೆಸರಿತ್ತು. “ಯಾವುದು ಖರೇ ಸರ್?” ಎಂದು ಅವನು ಕೇಳಿದ. ನಾನು ಕನ್ನಡದ ಅಧ್ಯಾಪಕ; ಕಡಲು ನಮ್ಮೂರಿನಿಂದ ಬಹುದೂರ. ಆದರೂ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕನ್ನಡ ನಾಡಿಗೆ ಈ ಹಡಗುಗಳು ಪರಕೀಯವೇನೂ ಅಲ್ಲ. ನಮ್ಮ ದೇಶದ ವಿಕ್ರಮಾದಿತ್ಯ ಎಂಬ ಮಹಾನೌಕೆಗೆ ಕಾರವಾರವೇ ನೆಲೆ. ಆ ನೌಕೆಯ ಮೇಲೆ ಇಳಿದು ಏರಿದ ಮೊದಲ ಸ್ವದೇಶಿ ಯುದ್ಧವಿಮಾನ ಬೆಂಗಳೂರಿನಲ್ಲಿ ರೂಪುಗೊಂಡಿತು. ಹೀಗಿರುವಾಗ ಅದರ ಪೂರ್ವಕಥೆಯನ್ನು ಸ್ವಲ್ಪ ತಿಳಿಯುವುದು ತಪ್ಪಲ್ಲ.

ವಿಮಾನವಾಹಕ ಹಡಗೆಂದರೆ ಕಡಲ ಮೇಲೆ ಚಲಿಸುವ ವಿಮಾನ ನಿಲ್ದಾಣ. ನೆಲದ ಮೇಲೆ ವಿಮಾನಕ್ಕೆ ಮೈಲುಗಟ್ಟಲೆ ಓಡುದಾರಿ ಸಿಗುತ್ತದೆ; ಹಡಗಿನಲ್ಲಿ ಕೆಲವು ನೂರು ಅಡಿ ಮಾತ್ರ. ಈ ಕೊರತೆಯನ್ನು ತುಂಬಿಕೊಳ್ಳುವ ಮೊದಲ ಉಪಾಯವನ್ನು ನಮ್ಮ ಹಳ್ಳಿಯ ಹುಡುಗರೂ ಬಲ್ಲರು. ಗಾಳಿಪಟ ಏರಿಸುವ ಹುಡುಗ ಗಾಳಿಗೆ ಇದಿರಾಗಿ ಓಡುತ್ತಾನೆ. ಹಾಗೆಯೇ ವಿಮಾನ ಏರುವಾಗಲೂ ಇಳಿಯುವಾಗಲೂ ಹಡಗು ಗಾಳಿಗೆ ಮುಖಮಾಡಿ ಪೂರ್ಣ ವೇಗದಲ್ಲಿ ಸಾಗುತ್ತದೆ. ಹಡಗಿನ ವೇಗವೂ ಇದಿರುಗಾಳಿಯ ವೇಗವೂ ಕೂಡಿ ವಿಮಾನದ ರೆಕ್ಕೆಗೆ ಬಲ ಕೊಡುತ್ತವೆ. ಇನ್ನುಳಿದ ಕೊರತೆಯನ್ನು ತುಂಬಲು ಮನುಷ್ಯರು ಹೂಡಿದ ಯುಕ್ತಿಗಳ ಕಥೆಯೇ ಈ ಹಡಗಿನ ಇತಿಹಾಸ.

ಮೊದಲು ಕಾಗದದ ಮೇಲೆ ಹಡಗು ಕಟ್ಟಿದವನನ್ನು ನೆನೆಯೋಣ. ಫ್ರಾನ್ಸಿನ ಕ್ಲೆಮಾಂ ಅದೇರ್ ಎಂಬ ಎಂಜಿನಿಯರು ೧೯೦೯ರಲ್ಲಿ ಪ್ರಕಟಿಸಿದ ಸೈನಿಕ ವಿಮಾನಯಾನದ ಪುಸ್ತಕದಲ್ಲಿ, ಅಡ್ಡಿಯಿಲ್ಲದ ಸಮತಟ್ಟು ಮೇಲ್ಮೈ, ಕೆಳಗಡೆ ವಿಮಾನಗಳ ಕೊಟ್ಟಿಗೆ, ಅವನ್ನು ಮೇಲಕ್ಕೆತ್ತುವ ಲಿಫ್ಟು, ಒಳ್ಳೆಯ ವೇಗ, ಇವೆಲ್ಲ ಇರುವ ಹಡಗನ್ನು ವರ್ಣಿಸಿದ. ಇಂದಿನ ನೌಕೆಯನ್ನು ನೋಡಿ ಬರೆದಂತಿದೆ ಆ ವರ್ಣನೆ. ಆದರೆ ಅಂಥ ಹಡಗನ್ನು ಅವನು ಕಟ್ಟಲಿಲ್ಲ. ಕಟ್ಟಿಸುವವರೂ ಅವನಿಗೆ ಸಿಗಲಿಲ್ಲ.

ಮರುವರ್ಷವೇ ಅಮೆರಿಕದಲ್ಲಿ ಒಬ್ಬ ಹಾರಿ ತೋರಿಸಿದ. ಯೂಜೀನ್ ಈಲೀ ನೌಕಾದಳದವನಲ್ಲ. ಜಾತ್ರೆ ಪ್ರದರ್ಶನಗಳಲ್ಲಿ ವಿಮಾನ ಹಾರಿಸಿ ಹೊಟ್ಟೆ ಹೊರೆಯುತ್ತಿದ್ದವನು. ವಾಷಿಂಗ್ಟನ್ ಚೇಂಬರ್ಸ್ ಎಂಬ ನೌಕಾ ಕ್ಯಾಪ್ಟನ್ ಏರ್ಪಡಿಸಿದ ಪ್ರಯೋಗದಲ್ಲಿ, ೧೯೧೦ರ ನವೆಂಬರ್ ೧೪ರಂದು, ಬರ್ಮಿಂಗ್‌ಹ್ಯಾಮ್ ಎಂಬ ಹಡಗಿನ ಮೇಲೆ ಕಟ್ಟಿದ ಮರದ ಅಟ್ಟದಿಂದ ಈಲೀ ಹಾರಿದ. ಗಾಲಿಗಳು ಕಡಲ ನೀರನ್ನು ಮುಟ್ಟಿದವು. ಆದರೂ ವಿಮಾನ ಮೇಲೆದ್ದು ದಡ ಸೇರಿತು. ೧೯೧೧ರ ಜನವರಿ ೧೮ರಂದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ಪೆನ್ಸಿಲ್ವೇನಿಯ ಹಡಗಿನ ಮೇಲೆ ಅವನು ಇಳಿದ. ಅಟ್ಟದ ಅಡ್ಡಕ್ಕೆ ೨೨ ಹಗ್ಗಗಳನ್ನು ಎಳೆದು, ಪ್ರತಿಯೊಂದರ ಎರಡೂ ತುದಿಗೆ ಮರಳಿನ ಚೀಲ ಕಟ್ಟಿದ್ದರು. ವಿಮಾನದ ಹೊಟ್ಟೆಯ ಕೆಳಗಿನ ಕೊಕ್ಕೆಗಳು ಹಗ್ಗಗಳಿಗೆ ಸಿಕ್ಕಿಬಿದ್ದು, ಚೀಲಗಳ ಭಾರ ಎಳೆದು ಅದು ನಿಂತಿತು. ನೂರು ವರ್ಷ ದಾಟಿದ ಮೇಲೂ ವಿಮಾನವನ್ನು ಹಡಗಿನ ಮೇಲೆ ಹಿಡಿದು ನಿಲ್ಲಿಸುವ ತತ್ತ್ವ ಇದೇ. ಹಗ್ಗದ ಜಾಗಕ್ಕೆ ಉಕ್ಕಿನ ತಂತಿ ಬಂದಿದೆ, ಮರಳ ಚೀಲದ ಜಾಗಕ್ಕೆ ಯಂತ್ರ ಬಂದಿದೆ.

ಈ ಹಗ್ಗದ ಯುಕ್ತಿ ಯಾರದು? ಸರ್ಕಸ್ಸಿನಲ್ಲಿ ಸಾಹಸ ತೋರಿಸುತ್ತಿದ್ದ ಹ್ಯೂ ರಾಬಿನ್ಸನ್ ಎಂಬ ವೈಮಾನಿಕನದೆಂದು ಹಲವರ ಅಭಿಪ್ರಾಯ. ಪ್ರಯೋಗವನ್ನು ನಡೆಸಿದ ನೌಕಾ ಅಧಿಕಾರಿಗಳ ಪಾಲನ್ನು ಎತ್ತಿಹೇಳುವವರೂ ಇದ್ದಾರೆ. ಈ ಚರ್ಚೆಯನ್ನು ಕೇಳಲು ಈಲೀ ಬದುಕಿರಲಿಲ್ಲ. ಅದೇ ೧೯೧೧ರ ಅಕ್ಟೋಬರಿನಲ್ಲಿ ಒಂದು ಪ್ರದರ್ಶನದಲ್ಲಿ ವಿಮಾನ ನೆಲಕ್ಕಪ್ಪಳಿಸಿ ಸತ್ತ. ಸರ್ಕಾರದ ಪದಕ ಅವನ ಹೆಸರಿಗೆ ಬಂದದ್ದು ೧೯೩೩ರಲ್ಲಿ.

ಇಂಗ್ಲೆಂಡಿನವರು ಹೇಳುವ ಕಥೆ ಬೇರೆ. ಈಲೀ ಹಾರಿದ್ದೂ ಇಳಿದದ್ದೂ ನಿಂತ ಹಡಗಿನಲ್ಲಿ. ಚಲಿಸುತ್ತಿರುವ ಹಡಗಿನಿಂದ ಮೊದಲು ಹಾರಿದವನು ತಮ್ಮ ಚಾರ್ಲ್ಸ್ ಸ್ಯಾಮ್ಸನ್, ೧೯೧೨ರ ಮೇ ತಿಂಗಳಲ್ಲಿ, ಹೈಬರ್ನಿಯ ಹಡಗಿನಿಂದ ಎಂದು ಅವರು ತೋರಿಸುತ್ತಾರೆ. ಜಪಾನೀಯರೂ ಸುಮ್ಮನಿಲ್ಲ. ಹಡಗಿನಿಂದ ಕಡಲಿಗಿಳಿಸಿದ ವಿಮಾನಗಳಿಂದ ಯುದ್ಧದಲ್ಲಿ ಬಾಂಬು ಹಾಕಿದವರಲ್ಲಿ ತಾವೇ ಮೊದಲಿಗರು, ೧೯೧೪ರ ಸೆಪ್ಟೆಂಬರಿನಲ್ಲಿ ಚೀನಾ ತೀರದ ಚಿಂಗ್‌ಡಾವ್ ಬಳಿ ತಮ್ಮ ವಾಕಮಿಯ ಹಡಗು ಆ ಕೆಲಸ ಮಾಡಿತು ಎನ್ನುತ್ತಾರೆ. ‘ಮೊದಲು’ ಎಂಬ ಮಾತಿಗೆ ಒಂದೊಂದು ವಿಶೇಷಣ ಸೇರಿಸಿದಂತೆ ಒಂದೊಂದು ದೇಶಕ್ಕೆ ಮೊದಲ ಸ್ಥಾನ ಸಿಗುತ್ತ ಹೋಗುತ್ತದೆ.

ಚಲಿಸುವ ಹಡಗಿನ ಮೇಲೆ ಇಳಿಯುವುದು ಎಲ್ಲಕ್ಕಿಂತ ಕಠಿಣವಾಗಿತ್ತು. ಅದನ್ನು ಸಾಧಿಸಿದವನು ಬ್ರಿಟಿಷ್ ನೌಕಾದಳದ ಎಡ್ವಿನ್ ಡನ್ನಿಂಗ್. ಫ್ಯೂರಿಯಸ್ ಎಂಬ ಹಡಗಿನ ಮುಂಭಾಗದಲ್ಲಿ ಮಾತ್ರ ಸಮತಟ್ಟು ಅಟ್ಟವಿತ್ತು. ನಡುವೆ ಹೊಗೆಗೊಳವೆ, ಕಟ್ಟಡ. ೧೯೧೭ರ ಆಗಸ್ಟ್ ೨ರಂದು ಡನ್ನಿಂಗ್ ಆ ಕಟ್ಟಡದ ಪಕ್ಕದಿಂದ ಬಳಸಿ ಬಂದು ಅಟ್ಟದ ಮೇಲಕ್ಕೆ ತೇಲಿದ. ಹಡಗು ಇದಿರುಗಾಳಿಯಲ್ಲಿ ಓಡುತ್ತಿದ್ದುದರಿಂದ ವಿಮಾನ ಅಟ್ಟದ ಮೇಲೆ ಬಹುಮಟ್ಟಿಗೆ ನಿಂತಂತೆಯೇ ಇತ್ತು. ಕೆಳಗೆ ಕಾದಿದ್ದ ಗೆಳೆಯರು ಓಡಿಬಂದು, ವಿಮಾನಕ್ಕೆ ಕಟ್ಟಿದ್ದ ಪಟ್ಟಿಗಳನ್ನು ಕೈಯಿಂದ ಹಿಡಿದು ಅದನ್ನು ಕೆಳಗೆಳೆದರು. ಐದು ದಿನ ಕಳೆದು, ಆಗಸ್ಟ್ ೭ರಂದು, ಅವನು ಮತ್ತೆ ಪ್ರಯತ್ನಿಸಿದ. ವಿಮಾನ ಅಂಚಿನಿಂದ ಕಡಲಿಗೆ ಉರುಳಿತು. ಎತ್ತುವಷ್ಟರಲ್ಲಿ ಪ್ರಾಣ ಹೋಗಿತ್ತು. ಅವನ ವಯಸ್ಸು ೨೫.

ಆ ಸಾವು ಒಂದು ಪಾಠ ಕಲಿಸಿತು: ನಡುವೆ ಕಟ್ಟಡವಿರುವ ಹಡಗಿನಿಂದ ಪ್ರಯೋಜನವಿಲ್ಲ, ಉದ್ದಕ್ಕೂ ಬಯಲಾದ ಮೇಲ್ಮೈ ಬೇಕು. ೧೯೧೮ರಲ್ಲಿ ಆರ್ಗಸ್ ಎಂಬ ಬ್ರಿಟಿಷ್ ಹಡಗು ಹಾಗೆ ಸಿದ್ಧವಾಯಿತು. ಆದರೆ ಅದು ಪ್ರಯಾಣಿಕರ ಹಡಗಾಗಬೇಕಿದ್ದ ಒಡಲನ್ನು ತಿದ್ದಿ ಮಾಡಿದ್ದು. ಹುಟ್ಟಿನಿಂದಲೇ ವಿಮಾನವಾಹಕವೆಂದು ಕಟ್ಟಿದ ಮೊದಲ ಹಡಗು ಯಾವುದು? ನಮ್ಮ ವಿದ್ಯಾರ್ಥಿಗಳ ಎರಡು ಪುಸ್ತಕಗಳು ಜಗಳವಾಡಿದ್ದು ಬಹುಶಃ ಇಂಥ ಜಾಗದಲ್ಲಿಯೇ. ಬ್ರಿಟಿಷರು ೧೯೧೮ರ ಜನವರಿಯಲ್ಲಿ ಹರ್ಮಿಸ್ ಹಡಗಿಗೆ ಅಡಿಪಾಯ ಹಾಕಿದರು. ಕೆಲಸ ಎಳೆದು ಎಳೆದು ಅದು ಸೇವೆಗೆ ಬಂದದ್ದು ೧೯೨೪ರಲ್ಲಿ. ಜಪಾನೀಯರು ತಡವಾಗಿ ಆರಂಭಿಸಿ, ಹೋಶೋ ಎಂಬ ಹಡಗನ್ನು ೧೯೨೨ರ ಡಿಸೆಂಬರಿನಲ್ಲೇ ಮುಗಿಸಿಬಿಟ್ಟರು. ಮೊದಲು ನಕ್ಷೆ ಬರೆದವರು ಒಬ್ಬರು, ಮೊದಲು ಕಡಲಿಗೆ ತಂದವರು ಇನ್ನೊಬ್ಬರು. ಇಷ್ಟಕ್ಕೇ ಮುಗಿಯಲಿಲ್ಲ. ೧೯೨೧ರಲ್ಲಿ ಜಪಾನಿನ ನೌಕಾ ವೈಮಾನಿಕರಿಗೆ ಪಾಠ ಹೇಳಲು ಇಂಗ್ಲೆಂಡಿನಿಂದ ಒಂದು ತಂಡವೇ ಹೋಗಿತ್ತು. ಹೋಶೋ ಹಡಗಿನ ಮೇಲೆ ೧೯೨೩ರಲ್ಲಿ ಮೊದಲು ವಿಮಾನ ಇಳಿಸಿದವನು ಮಿತ್ಸುಬಿಷಿ ಕಂಪನಿಯಲ್ಲಿ ಕೆಲಸಕ್ಕಿದ್ದ ವಿಲಿಯಂ ಜಾರ್ಡನ್ ಎಂಬ ಆಂಗ್ಲ. ಶಿಷ್ಯರು ಗುರುಗಳಿಗೆ ಕಾಣಿಕೆ ಸಲ್ಲಿಸಿದ್ದು ೧೯೪೨ರ ಏಪ್ರಿಲ್ ೯ರಂದು. ಅಂದು ಸಿಂಹಳದ ಪೂರ್ವತೀರದಲ್ಲಿ ಹರ್ಮಿಸ್ ಹಡಗನ್ನು ಮುಳುಗಿಸಿದ್ದು ಜಪಾನಿನ ವಿಮಾನವಾಹಕಗಳಿಂದ ಹೊರಟ ವಿಮಾನಗಳೇ. ವಿದ್ಯೆಗೆ ಕಲಿಸಿದವರ ನೆನಪಿರುವುದಿಲ್ಲ.

ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಜೆಟ್ ವಿಮಾನ ಬಂತು. ಅದು ಭಾರ, ವೇಗವೂ ಹೆಚ್ಚು. ಹಳೆಯ ಹಡಗುಗಳು ಅದನ್ನು ತಾಳಲಾರದಾದವು. ಇಳಿಯುವ ವಿಮಾನದ ಕೊಕ್ಕೆ ತಂತಿಗೆ ಸಿಗದಿದ್ದರೆ ಅದು ನೇರವಾಗಿ ಮುಂದೆ ನಿಲ್ಲಿಸಿದ್ದ ವಿಮಾನಗಳ ಸಾಲಿಗೇ ನುಗ್ಗಬೇಕು; ನಡುವೆ ಒಂದು ಬಲೆ ಮಾತ್ರ ಆಧಾರ. ಇದಕ್ಕೆ ಸಿಕ್ಕ ಪರಿಹಾರ ನೋಡಲು ಮಗುವಿನಾಟದಷ್ಟು ಸುಲಭ. ಇಳಿಯುವ ದಾರಿಯನ್ನು ಕೆಲವು ಡಿಗ್ರಿ ಎಡಕ್ಕೆ ಓರೆ ಮಾಡಿದರೆ ಸಾಕು. ತಂತಿ ತಪ್ಪಿದ ವಿಮಾನ ಎಂಜಿನಿನ ಬಲ ಏರಿಸಿ, ಬರಿದಾದ ಕಡಲ ಕಡೆಗೆ ಹಾರಿ, ಸುತ್ತಿಬಂದು ಮತ್ತೆ ಇಳಿಯಬಹುದು. ೧೯೫೧ರ ಆಗಸ್ಟ್ ೭ರಂದು ನಡೆದ ಒಂದು ಸಭೆಯಲ್ಲಿ ಬ್ರಿಟಿಷ್ ನೌಕಾದಳದ ಡೆನ್ನಿಸ್ ಕ್ಯಾಂಬೆಲ್ ಈ ಸೂಚನೆಯನ್ನು ಮುಂದಿಟ್ಟ. ಸಭೆಯವರು ಅಷ್ಟಾಗಿ ಉತ್ಸಾಹ ತೋರಲಿಲ್ಲ; ಅದನ್ನು ಹಿಡಿದು ಲೆಕ್ಕಕ್ಕೂ ನಕ್ಷೆಗೂ ತಂದವನು ಫಾರ್ನ್‌ಬರೋ ಸಂಶೋಧನಾಲಯದ ಲೂಯಿಸ್ ಬಾಡಿಂಗ್‌ಟನ್. ಇವರಿಬ್ಬರಲ್ಲಿ ಯಾರನ್ನು ಜನಕನೆನ್ನಬೇಕು? ಈ ಪ್ರಶ್ನೆ ಇತ್ಯರ್ಥವಾಗುವ ಮುನ್ನವೇ ಅಮೆರಿಕನ್ನರು ಆಂಟೀಟಂ ಎಂಬ ತಮ್ಮ ಹಡಗಿಗೆ ೧೯೫೨ರಲ್ಲಿ ನಿಜವಾದ ಓರೆದಾರಿ ಕಟ್ಟಿ, ಮರುವರ್ಷ ಪರೀಕ್ಷಿಸಿ, ಲೋಕಕ್ಕೆಲ್ಲ ತೋರಿಸಿದರು. ಇಂಗ್ಲೆಂಡಿನವರ ಬಳಿ ವಿಚಾರವಿತ್ತು, ಹಣವಿರಲಿಲ್ಲ. ಅಮೆರಿಕನ್ನರ ಬಳಿ ಹಣವಿತ್ತು, ವಿಚಾರ ಸಾಲವಾಗಿ ಬಂತು.

ಎರಡನೆಯ ಯುಕ್ತಿ ಉಗಿಯ ಕವಣೆ. ಹೊಲ ಕಾಯುವವನ ಕವಣೆ ಕಲ್ಲನ್ನು ಎಸೆಯುವಂತೆ, ಹಡಗಿನ ಬಾಯ್ಲರಿನ ಉಗಿ ಭಾರವಾದ ವಿಮಾನವನ್ನು ಕ್ಷಣಾರ್ಧದಲ್ಲಿ ಮುಂದಕ್ಕೆ ಎಸೆಯುತ್ತದೆ. ಎಡಿನ್‌ಬರೋದ ಬ್ರೌನ್ ಬ್ರದರ್ಸ್ ಕಂಪನಿಯ ಕಾಲಿನ್ ಮಿಚೆಲ್ ಇದರ ರೂವಾರಿ. ೧೯೫೦ರ ದಶಕದ ಆರಂಭದಲ್ಲಿ ಪರ್ಸಿಯಸ್ ಹಡಗಿನ ಮೇಲೆ ಇದರ ಪರೀಕ್ಷೆಯಾಯಿತು. ಇಲ್ಲಿಯೂ ತಕರಾರುಂಟು. ಉದ್ದಕ್ಕೂ ಸೀಳಿರುವ ಕೊಳವೆಯೊಳಗೆ ಪಿಸ್ಟನ್ ಓಡಿಸುವ ಉಪಾಯವನ್ನು ಜರ್ಮನರು ತಮ್ಮ ವಿ-೧ ಹಾರುಬಾಂಬನ್ನು ಎಸೆಯಲು ಬಳಸಿದ್ದರು; ಮಿಚೆಲ್ ಅದನ್ನು ನೋಡಿ ಮಾಡಿದ ಎಂದು ಕೆಲವರ ಮಾತು. ಆದರೆ ಮಿಚೆಲ್ ಪೇಟೆಂಟು ಪಡೆದದ್ದು ಯುದ್ಧಕ್ಕೆ ಮುಂಚೆ, ೧೯೩೮ರಲ್ಲಿ. ಇನ್ನೂ ಹಿಂದೆ ಹೋದರೆ, ೧೮೩೮ರ ಸುಮಾರಿಗೆ ಕ್ಲೆಗ್ ಮತ್ತು ಸಮೂಡ ಸಹೋದರರು ಇಂಥದೇ ಸೀಳುಕೊಳವೆಯಿಂದ ರೈಲುಬಂಡಿ ಓಡಿಸಲು ಹೊರಟಿದ್ದರು. ಬ್ರುನೆಲ್ ಎಂಬ ಮಹಾ ಎಂಜಿನಿಯರು ೧೮೪೭-೪೮ರಲ್ಲಿ ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಅದನ್ನು ಓಡಿಸಿಯೂ ನೋಡಿದ. ಸೀಳನ್ನು ಮುಚ್ಚುವ ಚರ್ಮದ ಪಟ್ಟಿ ಹಾಳಾಗಿ, ಗಾಳಿ ಸೋರಿ, ಆ ರೈಲು ನಿಂತಿತು. ನೆಲದ ಮೇಲೆ ಸೋತ ಒಂದು ವಿಚಾರ ನೂರು ವರ್ಷ ಕಾದು ಕಡಲ ಮೇಲೆ ಗೆದ್ದಿತು.

ಮೂರನೆಯದು ಕನ್ನಡಿ. ವೇಗವಾಗಿ ಬರುವ ಜೆಟ್ ಚಾಲಕನಿಗೆ ಅಟ್ಟದ ಮೇಲೆ ನಿಂತವನು ಕೈಯಾಡಿಸಿ ಸನ್ನೆ ಮಾಡಿದರೆ ನೋಡಲು ಪುರಸೊತ್ತೆಲ್ಲಿ? ನಿಕೊಲಸ್ ಗುಡ್‌ಹಾರ್ಟ್ ಎಂಬ ಬ್ರಿಟಿಷ್ ಅಧಿಕಾರಿ ಮೇಜಿನ ಮೇಲೆ ಒಂದು ಕೈಗನ್ನಡಿ ನಿಲ್ಲಿಸಿ, ಅದರ ನಡುವೆ ತುಟಿಬಣ್ಣದಿಂದ ಗೆರೆ ಎಳೆದು, ಎದುರಿಗೊಂದು ಟಾರ್ಚು ಇಟ್ಟನೆಂದೂ, ಬೆಳಕಿನ ಚುಕ್ಕೆ ಗೆರೆಯಿಂದ ಕದಲದಂತೆ ನೋಡುತ್ತ ಬಾ ಎಂದು ಕಚೇರಿಯ ಸೆಕ್ರೆಟರಿಗೆ ಹೇಳಿದನೆಂದೂ ಕಥೆ ಪ್ರಸಿದ್ಧ. ಆಕೆ ಬಗ್ಗುತ್ತ ಬಗ್ಗುತ್ತ ಬಂದು ಗಲ್ಲ ಸರಿಯಾಗಿ ಮೇಜಿಗೆ ಮುಟ್ಟಿತಂತೆ. ವಿಮಾನವೂ ಹಾಗೆಯೇ ಇಳಿಯಬೇಕು. ಬೆಳಕನ್ನು ಗೆರೆಯ ಮೇಲೆ ಇಟ್ಟುಕೊಂಡರೆ ಸಾಕು, ದಾರಿ ತಾನಾಗಿ ಸಿಗುತ್ತದೆ. ಇದು ೧೯೫೧ರ ಮಾತು. ಆದರೆ ಎರಡು ಸಾಲು ದೀಪಗಳನ್ನು ಒಂದಕ್ಕೊಂದು ಹೊಂದಿಸಿ ನೋಡುತ್ತ ಹಡಗಿಗಿಳಿಯುವ ಕ್ರಮವನ್ನು ಜಪಾನೀಯರು ೧೯೩೦ರ ದಶಕದಲ್ಲೇ ರೂಢಿಸಿದ್ದರು. ಯುದ್ಧದಲ್ಲಿ ಸೋತವರ ಯುಕ್ತಿ ಗೆದ್ದವರ ಪುಸ್ತಕದಲ್ಲಿ ಅಡಿಟಿಪ್ಪಣಿಯಾಗಿ ಹೋಯಿತು.

ಇಷ್ಟೆಲ್ಲ ಪರದೇಶದ ಜಗಳ ನಮಗೇಕೆ ಎಂದು ಓದುಗರು ಕೇಳಬಹುದು. ಈ ಮೂರೂ ಯುಕ್ತಿಗಳನ್ನು ಒಟ್ಟಿಗೆ ಹೊತ್ತು ನಮ್ಮ ಕಡಲಿಗೆ ಬಂದ ಹಡಗು ವಿಕ್ರಾಂತ. ಅದರ ಹುಟ್ಟುಹೆಸರು ಹರ್ಕ್ಯುಲಿಸ್. ೧೯೪೫ರ ಸೆಪ್ಟೆಂಬರ್ ೨೨ರಂದು ಇಂಗ್ಲೆಂಡಿನಲ್ಲಿ ನೀರಿಗಿಳಿದು, ಯುದ್ಧ ಮುಗಿದದ್ದರಿಂದ ಅರೆಬರೆಯಾಗಿ ಬಿದ್ದಿತ್ತು. ಭಾರತ ಅದನ್ನು ೧೯೫೭ರಲ್ಲಿ ಕೊಂಡು ಬೆಲ್‌ಫಾಸ್ಟಿನಲ್ಲಿ ಪೂರ್ತಿ ಮಾಡಿಸಿತು. ಹೀಗೆ ತಡವಾದದ್ದೇ ಲಾಭವಾಗಿ, ಓರೆದಾರಿ, ಉಗಿಯ ಕವಣೆ, ಕನ್ನಡಿ ಮೂರೂ ಅದಕ್ಕೆ ಸೇರಿದವು. ೧೯೬೧ರ ಮಾರ್ಚ್ ೪ರಂದು ವಿಜಯಲಕ್ಷ್ಮಿ ಪಂಡಿತರು ಅದನ್ನು ನೌಕಾದಳಕ್ಕೆ ಒಪ್ಪಿಸಿದರು. ಮೇ ತಿಂಗಳಲ್ಲಿ ಅದರ ಮೇಲೆ ಮೊದಲು ಜೆಟ್ ಇಳಿಸಿದವರು, ಮುಂದೆ ನೌಕಾದಳದ ಮುಖ್ಯಸ್ಥರಾದ ತಹಿಲಿಯಾನಿ. ನವೆಂಬರ್ ೩ರಂದು ಮುಂಬಯಿಯಲ್ಲಿ ನೆಹರೂ ಅದನ್ನು ಸ್ವಾಗತಿಸಿದರು. ಯಂತ್ರ, ಉಕ್ಕು, ಯುಕ್ತಿ ಯಾವುದೂ ನಮ್ಮದಲ್ಲ. ಆದರೂ ೧೯೭೧ರ ಯುದ್ಧದಲ್ಲಿ ಅದು ಮಾಡಿದ ಕೆಲಸ ನಮ್ಮದೇ.

ಆ ವರ್ಷ ಹಡಗಿನ ಒಂದು ಬಾಯ್ಲರಿನಲ್ಲಿ ಬಿರುಕು ಬಿದ್ದಿತ್ತು. ಬಾಯ್ಲರು ಕೆಟ್ಟರೆ ಉಗಿ ಕಡಿಮೆ. ಉಗಿ ಕಡಿಮೆಯಾದರೆ ಹಡಗಿನ ವೇಗವೂ ಕಡಿಮೆ, ಕವಣೆಯ ಬಲಕ್ಕೂ ಕುತ್ತು. ಇಂಥ ಹಡಗನ್ನು ಯುದ್ಧಕ್ಕೆ ಒಯ್ಯುವುದೇ ಬೇಡವೇ ಎಂಬ ಚರ್ಚೆ ನಡೆಯಿತು. ಒಯ್ದರು. ಕ್ಯಾಪ್ಟನ್ ಸ್ವರಾಜ್ ಪ್ರಕಾಶರ ನಾಯಕತ್ವದಲ್ಲಿ ಡಿಸೆಂಬರ್ ೪ರಿಂದ ಅದರ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್ ಬಂದರುಗಳ ಮೇಲೆ ದಾಳಿ ಮಾಡಿದವು. ಹಾರಿದವರಿಗೆ ಪದಕಗಳು ಬಂದವು, ಬರಬೇಕಾದದ್ದೇ. ಆದರೆ ಬಿರುಕು ಬಿಟ್ಟ ಯಂತ್ರದ ಪಕ್ಕದಲ್ಲಿ, ಕುದಿಯುವ ಬಿಸಿಯಲ್ಲಿ, ಉಳಿದ ಬಾಯ್ಲರುಗಳಿಂದ ಸಾಕಷ್ಟು ಉಗಿ ತೆಗೆದುಕೊಟ್ಟವರ ಹೆಸರು ನಮ್ಮ ಶಾಲಾಪುಸ್ತಕಗಳಲ್ಲಿ ಕಾಣುವುದಿಲ್ಲ. ತೊರವಿಯ ಸುರಂಗದಲ್ಲಿ ಇಳಿದವರ ಸಾಲಿಗೆ ಇವರೂ ಸೇರಿದರು.

ಅದೇ ಯುದ್ಧದಲ್ಲಿ ಇನ್ನೊಂದು ಶ್ರೇಯಸ್ಸಿನ ವಿವಾದ ಹುಟ್ಟಿತು. ವಿಕ್ರಾಂತನನ್ನು ಹುಡುಕುತ್ತ ಬಂದ ಪಾಕಿಸ್ತಾನದ ಘಾಜಿ ಎಂಬ ಜಲಾಂತರ್ಗಾಮಿ ಡಿಸೆಂಬರ್ ೩ರ ನಡುರಾತ್ರಿಯ ಸುಮಾರಿಗೆ ವಿಶಾಖಪಟ್ಟಣದ ಬಳಿ ಮುಳುಗಿತು. ನಮ್ಮ ರಾಜಪೂತ ಎಂಬ ಹಡಗು ನೀರೊಳಗೆ ಬಿಟ್ಟ ಬಾಂಬುಗಳಿಂದ ಅದು ನಾಶವಾಯಿತೆಂದು ನಮ್ಮವರು ಹೇಳುತ್ತಾರೆ. ಒಳಗೇ ಆದ ಸ್ಫೋಟದಿಂದಲೋ ತಾನೇ ಇಟ್ಟ ಸಿಡಿಗುಂಡಿನಿಂದಲೋ ಮುಳುಗಿತೆಂದು ಅವರು ಹೇಳುತ್ತಾರೆ. ಅದರೊಳಗಿದ್ದ ೯೩ ಜನರಲ್ಲಿ ಒಬ್ಬನೂ ಉಳಿಯಲಿಲ್ಲವಾದ್ದರಿಂದ ನೋಡಿದ್ದೆನೆಂದು ಹೇಳಬಲ್ಲ ಸಾಕ್ಷಿಯಿಲ್ಲ. ಅನ್ಯರ ಶ್ರೇಯೋವಿವಾದವನ್ನು ನಗುತ್ತ ಓದುವ ನಮಗೆ ಇದನ್ನು ಓದುವಾಗ ನಗು ಬರುವುದಿಲ್ಲ. ಇಲ್ಲಿ ನಾವೇ ಕಕ್ಷಿಗಾರರು.

ವಿಕ್ರಾಂತ ೧೯೯೭ರಲ್ಲಿ ನಿವೃತ್ತವಾಗಿ, ಕೆಲಕಾಲ ಸಂಗ್ರಹಾಲಯವಾಗಿದ್ದು, ಕೊನೆಗೆ ಗುಜರಿಗೆ ಹೋಯಿತು. ಈ ನಡುವೆ ೧೯೮೭ರಲ್ಲಿ ವಿರಾಟ ಬಂದಿತ್ತು. ಅದು ಬ್ರಿಟಿಷರ ಎರಡನೆಯ ಹರ್ಮಿಸ್. ಅದರ ಮೂತಿ ಮೇಲಕ್ಕೆ ಬಾಗಿತ್ತು. ಓಡಿಬಂದ ವಿಮಾನ ಆ ಏರಿನಿಂದ ಮೇಲಕ್ಕೆ ಚಿಮ್ಮಿದರೆ ಕವಣೆಯ ಹಂಗಿಲ್ಲ. ಸ್ಕೀ ಜಂಪ್ ಎನ್ನುವ ಈ ಉಪಾಯ ಡಗ್ ಟೇಲರ್ ಎಂಬ ಬ್ರಿಟಿಷ್ ನೌಕಾಧಿಕಾರಿಯದು. ಅವನು ೧೯೭೦ರ ದಶಕದಲ್ಲಿ ವಿಶ್ವವಿದ್ಯಾಲಯದಲ್ಲಿ ಓದುತ್ತ ಪ್ರಬಂಧಕ್ಕಾಗಿ ಬರೆದ ವಿಚಾರ ೧೯೭೭ರ ಆಗಸ್ಟಿನಲ್ಲಿ ಪ್ರತ್ಯಕ್ಷ ಪ್ರಯೋಗವಾಯಿತು. ಪ್ರಬಂಧಗಳೆಲ್ಲ ಕಪಾಟಿನಲ್ಲೇ ಧೂಳು ತಿನ್ನುತ್ತವೆಂದು ಕೊರಗುವ ನಮ್ಮಂಥ ಅಧ್ಯಾಪಕರಿಗೆ ಇದೊಂದು ಸಮಾಧಾನದ ಸುದ್ದಿ.

೨೦೧೪ರ ಜನವರಿಯಲ್ಲಿ ವಿಕ್ರಮಾದಿತ್ಯ ಕಾರವಾರಕ್ಕೆ ಬಂದಾಗ ಈ ಎಲ್ಲ ಎಳೆಗಳೂ ಕನ್ನಡ ಕಡಲಿನಲ್ಲಿ ಕೂಡಿದವು. ಒಡಲು ಸೋವಿಯತ್ ಕಾಲದ್ದು. ಇಳಿಯುವ ದಾರಿ ಓರೆಯಾಗಿದೆ, ಅಲ್ಲಿ ಕ್ಯಾಂಬೆಲ್ ಮತ್ತು ಬಾಡಿಂಗ್‌ಟನ್ ಇದ್ದಾರೆ. ಅಡ್ಡಲಾಗಿ ಮೂರು ತಂತಿಗಳಿವೆ, ಅವು ಈಲೀ ಇಳಿದಾಗಿನ ಹಗ್ಗಗಳ ಮೊಮ್ಮಕ್ಕಳು. ಮೂತಿ ಬಾಗಿದೆ, ಅದು ಟೇಲರನ ಪ್ರಬಂಧ. ಇಳಿಯುವವನಿಗೆ ದಾರಿ ತೋರುವ ದೀಪಗಳಿವೆ, ಅವು ಜಪಾನೀಯರ ದೀಪಕ್ಕೂ ಗುಡ್‌ಹಾರ್ಟನ ಕನ್ನಡಿಗೂ ನಂಟು. ಒಂದೇ ಹಡಗನ್ನು ಹೀಗೆ ಬಿಡಿಸಿ ಓದಿದರೆ ಹಳಗನ್ನಡದ ಹಸ್ತಪ್ರತಿಯೊಂದನ್ನು ಓದಿದಂತಾಗುತ್ತದೆ. ಮೂಲ ಕವಿ ಒಬ್ಬ, ಪ್ರತಿ ಮಾಡಿದವನೊಬ್ಬ, ಅಂಚಿನಲ್ಲಿ ಟೀಕೆ ಬರೆದವನೊಬ್ಬ. ಕೈಬರಹಗಳು ಬೇರೆಬೇರೆ, ಗ್ರಂಥ ಒಂದೇ.

ಇನ್ನು ನಮ್ಮ ಪಾಲು. ೨೦೨೦ರ ಜನವರಿ ೧೧ರಂದು, ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆ ರೂಪಿಸಿದ ತೇಜಸ್ ವಿಮಾನದ ನೌಕಾ ಮಾದರಿಯನ್ನು ಕಮೊಡೋರ್ ಜಯದೀಪ ಮಾವಳಂಕರರು ವಿಕ್ರಮಾದಿತ್ಯನ ಮೇಲೆ ಇಳಿಸಿದರು. ಮರುದಿನ ಅದು ಏರಿನಿಂದ ಹಾರಿತು. ೨೦೨೨ರ ಸೆಪ್ಟೆಂಬರ್ ೨ರಂದು ಕೊಚ್ಚಿಯಲ್ಲಿ ಹೊಸ ವಿಕ್ರಾಂತ ಸೇವೆಗೆ ಸೇರಿತು. ನಕ್ಷೆ ನಮ್ಮ ನ���ಕಾದಳದ್ದು, ಉಕ್ಕು ನಮ್ಮದು, ಕಟ್ಟಿದವರು ಕೊಚ್ಚಿಯ ಕಾರ್ಮಿಕರು. ಅದನ್ನು ಓಡಿಸುವ ನಾಲ್ಕು ಗ್ಯಾಸ್ ಟರ್ಬೈನುಗಳ ವಿನ್ಯಾಸ ಅಮೆರಿಕದ್ದು. ನೂರಕ್ಕೆ ೭೬ ಭಾಗ ಸ್ವದೇಶಿ ಎಂದು ಸರ್ಕಾರವೇ ಲೆಕ್ಕ ಕೊಟ್ಟಿದೆ. ೨೦೨೩ರ ಫೆಬ್ರವರಿಯಲ್ಲಿ ನೌಕಾ ತೇಜಸ್ ಈ ಹಡಗಿನ ಮೇಲೂ ಇಳಿಯಿತು. ಆದರೆ ಆ ವಿಮಾನವನ್ನು ನೌಕಾದಳ ಸೇವೆಗೆ ಆರಿಸಿಕೊಳ್ಳಲಿಲ್ಲ. ೨೦೨೫ರ ಏಪ್ರಿಲಿನಲ್ಲಿ ಫ್ರಾನ್ಸಿನಿಂದ ೨೬ ರಫೇಲ್ ವಿಮಾನಗಳಿಗೆ ಒಪ್ಪಂದವಾಯಿತು. ಒಂದು ಎಂಜಿನಿನ ತೇಜಸ್ ಕಲಿಸಿದ ಪಾಠದ ಮೇಲೆ ಎರಡು ಎಂಜಿನಿನ ವಿಮಾನದ ವಿನ್ಯಾಸ ಬೆಂಗಳೂರಿನಲ್ಲಿ ಆರಂಭವಾಯಿತು.

ಇಲ್ಲಿ ನನ್ನದೊಂದು ಭಯವಿದೆ. ಮುಂದೆ ಎರಡು ಎಂಜಿನಿನ ವಿಮಾನ ಯಶಸ್ವಿಯಾದಾಗ, ಸೇವೆಗೆ ಸೇರದ ತೇಜಸ್ಸನ್ನು ನಾವೇ ಮರೆಯುತ್ತೇವೆಯೆ? ಬ್ರುನೆಲನ ರೈಲಿನಂತೆ, ಅದೇರನ ಪುಸ್ತಕದಂತೆ, ಅದೂ ಬಿಟ್ಟುಹೋದ ಹೆಸರಾದೀತು. ಇದರ ಜೊತೆಗೆ ಇನ್ನೊಂದು ಭಯ: ‘ಸ್ವದೇಶಿ’ ಎಂಬ ಮಾತಿನ ಉತ್ಸಾಹದಲ್ಲಿ ಓರೆದಾರಿಯೂ ತಡೆತಂತಿಯೂ ನಮ್ಮ ಮನೆಯಲ್ಲೇ ಹುಟ್ಟಿದವೆಂದು ಮಕ್ಕಳಿಗೆ ಹೇಳಿಬಿಟ್ಟೇವು. ಔರಂಗಜೇಬ ತೋಪಿನ ಮೇಲೆ ಹೆಸರು ಕೊರೆಸಿದ್ದರಿಂದ ರೂಮಿಯ ಎರಕ ಅವನದಾಗಲಿಲ್ಲ. ಸಾಲವನ್ನು ಸಾಲವೆಂದು ಒಪ್ಪಿಕೊಂಡರೆ ನಮ್ಮ ನೂರಕ್ಕೆ ೭೬ರ ಗೌರವ ಕುಂದುವುದಿಲ್ಲ. ಲೆಕ್ಕ ಚೊಕ್ಕವಾಗಿರುವುದರಿಂದ ಅದನ್ನು ಲೋಕ ನಂಬುತ್ತದೆ.

ನಮ್ಮ ಹಿರಿಯರಿಗೆ ಈ ನ್ಯಾಯ ಗೊತ್ತಿತ್ತು. ಕನ್ನಡದ ಎಷ್ಟೋ ಶಾಸನಗಳ ಕೊನೆಯಲ್ಲಿ ದಾನ ಕೊಟ್ಟವನ ಹೆಸರಲ್ಲದೆ, ಪಾಠ ರಚಿಸಿದವನದೂ ಕಲ್ಲಿನಲ್ಲಿ ಕಂಡರಿಸಿದವನದೂ ಬೇರೆಬೇರೆಯಾಗಿ ಇರುತ್ತವೆ. ಯಾರ ಹೆಸರೂ ಇನ್ನೊಬ್ಬರದನ್ನು ಅಳಿಸುವುದಿಲ್ಲ. ಕಂಡುಹಿಡಿದವರು ಯಾರೆಂಬ ಒಂದು ಅಂಕದ ಪ್ರಶ್ನೆಯನ್ನೂ ಹೀಗೆಯೇ ಒಡೆದು ಕೇಳಬೇಕು: ಮೊದಲು ಯೋಚಿಸಿದವರು ಯಾರು? ಮೊದಲು ಮಾಡಿ ತೋರಿಸಿದವರು ಯಾರು? ಎಲ್ಲರೂ ನಿರ್ಭಯವಾಗಿ ಬಳಸುವಂತೆ ಹದಗೊಳಿಸಿದವರು ಯಾರು? ಅದಕ್ಕಾಗಿ ಬೆಲೆ ತೆತ್ತವರು ಯಾರು?

ಕಾರವಾರದ ಕಡಲತೀರದಲ್ಲಿ ಚಪಲ ಎಂಬ ಹಳೆಯ ಯುದ್ಧನೌಕೆಯನ್ನು ಜನರು ನೋಡಲೆಂದು ನಿಲ್ಲಿಸಿದ್ದಾರೆ. ಅಲ್ಲಿಗೆ ಸಮೀಪದಲ್ಲೇ ಇರುವ ನೌಕಾನೆಲೆಗೆ ಬನವಾಸಿಯ ಕದಂಬರ ಹೆಸರು. ೧೯೮೬ರಲ್ಲಿ ಅಡಿಗಲ್ಲು ಹಾಕಿಸಿಕೊಂಡು ೨೦೦೫ರಲ್ಲಿ ಅದು ಕೆಲಸ ಆರಂಭಿಸಿತು. ಅದಕ್ಕಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಬಲೆ ಒಣಗಿಸುವ ದಂಡೆ ಬಿಟ್ಟು ಎದ್ದುಹೋದವು. ಪರಿಹಾರಕ್ಕಾಗಿ ಹಲವರು ವರ್ಷಗಟ್ಟಲೆ ಕಚೇರಿ, ಕೋರ್ಟುಗಳಿಗೆ ಅಲೆದರು. ಆ ತೀರದಲ್ಲಿ ಒಂದು ಶಾಸನ ಹಾಕಿಸುವ ಅಧಿಕಾರ ನನಗಿದ್ದರೆ ಹಳೆಯ ಕ್ರಮದಲ್ಲಿಯೇ ಬರೆಯುತ್ತಿದ್ದೆ. ಅದೇರನಿಂದ ಮೊದಲು ಮಾಡಿ ಈಲೀ, ಡನ್ನಿಂಗ್, ಮಿಚೆಲ್, ಕ್ಯಾಂಬೆಲ್, ಹೆಸರು ತಿಳಿಯದ ಬಾಯ್ಲರು ಕೋಣೆಯವರು, ಕೊಚ್ಚಿಯ ಬೆಸುಗೆಗಾರರು, ಬೆಂಗಳೂರಿನ ವಿನ್ಯಾಸಕಾರರು. ಭೂಮಿ ದಾನ ಕೊಟ್ಟವರ ಹೆಸರನ್ನು ನಮ್ಮ ಶಾಸನಗಳು ಎಂದೂ ಬಿಟ್ಟಿಲ್ಲವಾದ್ದರಿಂದ, ಆ ಕುಟುಂಬಗಳ ಹೆಸರುಗಳನ್ನು ಊರೂರಿನ ವಾರಿಯಲ್ಲಿ, ಒಂದನ್ನೂ ಬಿಡದೆ ಕಂಡರಿಸಿ ಎಂದು ಹೇಳುತ್ತಿದ್ದೆ.